ಹಕ್ಕಿಯೂ ಹಾವೂ ಒಂದೇ ಆದಾಗ: ಹಳೆ ಗೇಮಿಗೆ ಕನ್ನಡ ಕೂರಿಸುವ ಬಗೆ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಕಂಪ್ಯೂಟರ್ ಲ್ಯಾಬನ್ನೂ ನಾನೇ ನೋಡಿಕೊಳ್ಳುತ್ತೇನೆ. ಬಳ್ಳಾರಿಯಲ್ಲಿ ಓದುವಾಗ ಕಾಲೇಜಿನ ಲ್ಯಾಬಿನಲ್ಲಿ ಒಂದು ಹಳೆ ಗೇಮ್ ಆಡುತ್ತಿದ್ದೆವು. ಚಿತ್ರವೇ ಇಲ್ಲ, ಬರೀ ಅಕ್ಷರ. ಗವಿಯೊಳಗೆ ಇಳಿದು ನಿಧಿ ತರಬೇಕು. ಇಂಗ್ಲಿಷಿನಲ್ಲಿ ಎರಡೆರಡು ಪದ ಟೈಪ್ ಮಾಡಿದರೆ ಅದು ಉತ್ತರ ಕೊಡುತ್ತಿತ್ತು. ಇದನ್ನು ಎಂಟನೇ ಕ್ಲಾಸಿನ ಮಕ್ಕಳಿಗೆ ಕನ್ನಡದಲ್ಲಿ ಕೊಡುವ ಆಸೆ. ಹೆಕ್ಸ್ ಎಡಿಟರಿನಲ್ಲಿ, ಅಂದರೆ ಫೈಲಿನ ಒಳಗಿರುವುದನ್ನು ನೇರವಾಗಿ ತಿದ್ದುವ ಪ್ರೋಗ್ರಾಮಿನಲ್ಲಿ, ಗೇಮಿನ ಫೈಲ್ ತೆರೆದು, ಇಂಗ್ಲಿಷ್ ಅಳಿಸಿ ಕನ್ನಡ ಹಾಕಿದೆ. ಗೇಮ್ ತೆರೆಯಲೇ ಇಲ್ಲ. ಚಿಕ್ಕ ಪದ ಹಾಕಿದಾಗ ತೆರೆಯಿತು, ಆದರೆ ಕನ್ನಡದ ಜಾಗದಲ್ಲಿ ಏನೇನೋ ಗೀಚಿದ ಹಾಗೆ ಬಂತು. ಹಳೆ ಗೇಮಿಗೆ ವಾರಸುದಾರರು ಇರುವುದಿಲ್ಲ, ಏನು ಬೇಕಾದರೂ ಮಾಡಬಹುದು ಎನ್ನುತ್ತಾರೆ ನಮ್ಮ ಸಹೋದ್ಯೋಗಿ. ನಿಜವೇ? ಇನ್ನೊಂದು, ಆಡುವವರನ್ನು ನೀನು ಅನ್ನಬೇಕೋ, ನೀವು ಅನ್ನಬೇಕೋ? ನಮ್ಮ ಕಡೆ ಮಾತು ಹಾಕಬಹುದೋ, ಪುಸ್ತಕದ ಕನ್ನಡವೇ ಆಗಬೇಕೋ?

ಉತ್ತರ: ಅಕ್ಕೋರೇ, ಮೊದಲು ಆ ಹೆಕ್ಸ್ ಎಡಿಟರ್ ಮುಚ್ಚಿಬಿಡಿ. ಬೇಜಾರು ಮಾಡಿಕೊಳ್ಳಬೇಡಿ, ಈ ಹುಚ್ಚು ಹಿಡಿದವರೆಲ್ಲ ಅಲ್ಲಿಂದಲೇ ಶುರು ಮಾಡುವುದು. ನಾನು ಬಳ್ಳಾರಿಯ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಜೋಡಿಸುತ್ತಿದ್ದವನು. ರಾತ್ರಿ ಶಟರ್ ಅರ್ಧ ಎಳೆದುಕೊಂಡು ನಾನೂ ಇದನ್ನೇ ಮಾಡುತ್ತಿದ್ದೆ. ಆಮೇಲೆ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಅನುವಾದಕ್ಕೆ ಬಂದೆ. ಹುಚ್ಚು ಮಾತ್ರ ಹಾಗೇ ಉಳಿದಿದೆ.

ಗೇಮ್ ಯಾಕೆ ತೆರೆಯಲಿಲ್ಲ? ಹಳೆ ಪ್ರೋಗ್ರಾಮಿನೊಳಗೆ ಪ್ರತಿ ಮಾತಿಗೂ ಒಂದು ಮನೆ ನಂಬರ್ ಇರುತ್ತದೆ. ಬೈಟು ಅಂದರೆ ಒಂದು ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಜಾಗ. ಇಂಥ ಬೈಟಿನಿಂದ ಓದು, ಸೊನ್ನೆ ಸಿಕ್ಕಲ್ಲಿ ನಿಲ್ಲಿಸು, ಇಷ್ಟೇ ಅದಕ್ಕೆ ಗೊತ್ತು. ನಡುವೆ ನೀವು ಉದ್ದದ ಮಾತು ತುರುಕಿದರೆ ಹಿಂದಿನ ಮನೆಗಳೆಲ್ಲ ಮುಂದಕ್ಕೆ ಸರಿಯುತ್ತವೆ, ನಂಬರ್ ಮಾತ್ರ ಹಳೆಯದೇ ಇರುತ್ತದೆ. ಕನ್ನಡ ಎಷ್ಟು ಜಾಗ ತಿನ್ನುತ್ತದೆ ನೋಡಿ. ಇಂಗ್ಲಿಷಿನ ‘ಸ್ಕೋರ್’ ಐದು ಅಕ್ಷರ, ಐದು ಬೈಟು. ನಮ್ಮ ‘ಅಂಕ’ ಕಣ್ಣಿಗೆ ಎರಡೇ ಅಕ್ಷರ. ಎಲ್ಲ ಭಾಷೆಯ ಅಕ್ಷರಕ್ಕೂ ನಂಬರ್ ಕೊಡುವ ಯೂನಿಕೋಡಿನಲ್ಲಿ ಅದು ಅ, ಸೊನ್ನೆ, ಕ ಅಂತ ಮೂರು. ಆ ನಂಬರನ್ನು ಬೈಟಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು ಒಂಬತ್ತು. ಐದು ಜನರ ಸೀಟಿನಲ್ಲಿ ಒಂಬತ್ತು ಜನ ಕೂತ ಹಾಗೆ.

ಗೀಚಿದ್ದು ಬಂದಿದ್ದಕ್ಕೂ ಇದೇ ಮೂಲ. ವಿಂಡೋಸ್ ಬರುವ ಮುಂಚಿನ ಡಾಸ್ ಕಾಲದ ಪರದೆಗೆ 256 ಆಕಾರ ಮಾತ್ರ ಗೊತ್ತಿತ್ತು, ಅದರಲ್ಲಿ ಒಂದೂ ಕನ್ನಡದ್ದಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟು ಒಂದೇ. ಆ ಹಳೆ ಪಟ್ಟಿಯಲ್ಲಿ ಆ ಬೈಟು ಗ್ರೀಕರ ಆಲ್ಫಾ. ಎರಡನೆಯ ಬೈಟು ಬಹಳ ಸಲ ಚುಕ್ಕೆ ತುಂಬಿದ ಒಂದು ಚೌಕ. ನಿಮಗೆ ಕಂಡ ಗೀಚಿನಲ್ಲಿ ಮೂರಕ್ಕೊಂದು ಸಲ ಮೀನಿನ ಹಾಗೆ ಒಂದು ಅಕ್ಷರ ಬರುತ್ತಿದ್ದರೆ, ಅದೇ ಆಲ್ಫಾ. ನಿಮ್ಮ ಕನ್ನಡ ಅಲ್ಲೇ ಇದೆ, ಪರದೆಗೆ ಓದಲು ಬರುವುದಿಲ್ಲ ಅಷ್ಟೇ.

ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕಾರ್ಟ್ರಿಜ್ ಗೇಮುಗಳಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಅಲ್ಲಿ ಅಕ್ಷರವೂ ಚಿತ್ರವೇ. ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಬಿಲ್ಲೆಗಳು. ಆ ಎಂಟು ಚುಕ್ಕೆಯಲ್ಲಿ ತಲೆಕಟ್ಟು, ಅಕ್ಷರದ ಹೊಟ್ಟೆ, ಕೆಳಗೆ ಒತ್ತು ಮೂರೂ ಹಿಡಿಯಬೇಕು. ‘ಸ್ತ್ರೀ’ ಅಂತ ಒಮ್ಮೆ ಚೌಕಳಿ ಕಾಗದದ ಮೇಲೆ ಬರೆದು ನೋಡಿ, ಗೊತ್ತಾಗುತ್ತದೆ. ಕಡಿಮೆ ಅಂದರೂ ಹದಿನಾರು ಚುಕ್ಕೆ ಎತ್ತರ ಬೇಕು, ಅಂದರೆ ಒಂದರ ಮೇಲೊಂದು ಎರಡು ಬಿಲ್ಲೆ. ಕೈಯಲ್ಲಿ ಹಿಡಿದು ಆಡುವ 1989ರ ಗೇಮ್‌ಬಾಯ್ ಪರದೆಯಲ್ಲಿ ಅಡ್ಡಕ್ಕೆ 20, ಉದ್ದಕ್ಕೆ 18 ಬಿಲ್ಲೆ. ಕನ್ನಡ ಹಾಕಿದರೆ ಒಂಬತ್ತು ಸಾಲು, ಸಾಲಿಗೆ ಹತ್ತು ಅಕ್ಷರ ಸಿಕ್ಕರೆ ನಮ್ಮ ಪುಣ್ಯ. ಇದಕ್ಕೂ ಒಂದು ದಾರಿ ಇದೆ, ಅದು ನನಗೆ ಹೊಳೆದದ್ದು ಡಿಟಿಪಿ ಅಂಗಡಿಯಲ್ಲೇ. ನುಡಿ, ಬರಹದ ಹಳೆ ಫಾಂಟುಗಳು ಕನ್ನಡ ಅಕ್ಷರವನ್ನು ತುಂಡು ಮಾಡಿ, ತುಂಡುಗಳನ್ನು ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕೂರಿಸುತ್ತವೆ. ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಎಲ್ಲ ಸೇರಿ 256ರ ಒಳಗೇ ಮುಗಿಯುತ್ತದೆ. ಹಳೆ ಗೇಮಿಗೆ ಬೇಕಾದ್ದು ಸರಿಯಾಗಿ ಇದೇ. ಯೂನಿಕೋಡ್ ಬಂದ ಮೇಲೆ ನಾವೆಲ್ಲ ಬೈದುಕೊಂಡು ಮೂಲೆಗೆ ಸರಿಸಿದ ವಿದ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ನಿಮ್ಮ ಗೇಮಿಗೆ ಇಷ್ಟೆಲ್ಲ ಬೇಡ.

ಯಾಕೆಂದರೆ ನೀವು ಹೇಳಿದ ಗುರುತು ನೋಡಿದರೆ ಅದು ‘ಕೊಲಾಸಲ್ ಕೇವ್ ಅಡ್ವೆಂಚರ್’. ಅಮೆರಿಕದ ವಿಲ್ ಕ್ರೌದರ್ 1976ರ ಹೊತ್ತಿಗೆ ಬರೆದದ್ದು. ಗವಿಗಳಲ್ಲಿ ನುಗ್ಗಿ ನಕ್ಷೆ ಬರೆಯುವುದು ಅವರ ಹವ್ಯಾಸ. ಕೆಂಟಕಿಯ ಮ್ಯಾಮತ್ ಗವಿಯನ್ನು ಹಾಗೆ ಸುತ್ತಿದ್ದರು. ತಮ್ಮ ಹೆಣ್ಣುಮಕ್ಕಳಿಗೆ ಆಡಲು ಅಂತ ಅದನ್ನೇ ಗೇಮ್ ಮಾಡಿದರು. 1977ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಅದಕ್ಕೆ ಇನ್ನಷ್ಟು ಕೋಣೆ, ನಿಧಿ, ರಕ್ಕಸರನ್ನು ಸೇರಿಸಿದರು. ಜಗತ್ತೆಲ್ಲ ಹರಡಿದ್ದು ಈ ಎರಡನೆಯದು.

ವಾರಸುದಾರರಿಲ್ಲ ಅನ್ನುವ ಮಾತು ತಪ್ಪು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. ಅನುವಾದದ ಹಕ್ಕು ಮಾಲೀಕರದು. ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೂ ಅದು ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಗೇಮ್ ಅನಾಥ ಆಗುವುದಿಲ್ಲ. ಬೇರೆ ದೇಶಗಳ ಅಭಿಮಾನಿಗಳು ಇದಕ್ಕೇ ಇಡೀ ಗೇಮ್ ಹಂಚುವುದಿಲ್ಲ, ಬದಲಾದ ಬೈಟುಗಳ ಒಂದು ಸಣ್ಣ ‘ಪ್ಯಾಚ್’ ಮಾತ್ರ ಕೊಡುತ್ತಾರೆ. ಮೂಲ ಗೇಮ್ ಇದ್ದವರು ಅದರ ಮೇಲೆ ಹಚ್ಚಿಕೊಳ್ಳಬೇಕು. ಜಪಾನಿನಲ್ಲಿ 2006ರಲ್ಲಿ ಬಂದ ‘ಮದರ್ 3’ ಎಂಬ ಗೇಮ್ ಇಂಗ್ಲಿಷಿಗೆ ಬಂದದ್ದು ಹೀಗೇ, 2008ರಲ್ಲಿ, ಅಭಿಮಾನಿಗಳ ಕೈಯಿಂದ. ಹಾಗಂತ ಪ್ಯಾಚ್ ಮಾಡಿದರೆ ಕಾನೂನಿನ ತಕರಾರೇ ಇಲ್ಲ ಅಂತಲ್ಲ. ಮಾಲೀಕರು ಸುಮ್ಮನಿದ್ದರೆ ನಡೆಯುತ್ತದೆ, ಅಷ್ಟೇ.

ನಿಮ್ಮ ಅದೃಷ್ಟ ಚೆನ್ನಾಗಿದೆ. 2017ರಲ್ಲಿ ಎರಿಕ್ ರೇಮಂಡ್ ಎಂಬ ಪ್ರೋಗ್ರಾಮರ್, ಆ ಇಬ್ಬರ ಒಪ್ಪಿಗೆ ಪಡೆದು, ಇದೇ ಗೇಮಿನ 1995ರ ಆವೃತ್ತಿಯನ್ನು ‘ಓಪನ್ ಅಡ್ವೆಂಚರ್’ ಎಂಬ ಹೆಸರಲ್ಲಿ ಬಿಡುಗಡೆ ಮಾಡಿದರು. ಬಿಎಸ್‌ಡಿ ಲೈಸೆನ್ಸ್, ಅಂದರೆ ಬದಲಾಯಿಸಬಹುದು, ಹಂಚಬಹುದು. ಮೂಲದ ಹಕ್ಕಿನ ಸಾಲುಗಳನ್ನು ಅಳಿಸದೆ ಇಟ್ಟರಾಯಿತು. ಅದಕ್ಕಿಂತ ಸಂತೋಷದ ವಿಷಯ, ಕೋಣೆಗಳ ವರ್ಣನೆ, ವಸ್ತುಗಳ ಹೆಸರು, ಉತ್ತರಗಳು ಹೆಚ್ಚುಕಮ್ಮಿ ಎಲ್ಲವೂ ಒಂದೇ ಯಾಮಲ್ ಫೈಲಿನಲ್ಲಿ ಸಾದಾ ಅಕ್ಷರವಾಗಿ ಇವೆ. ಮನೆ ನಂಬರಿನ ಗೊಡವೆ ಇಲ್ಲ. ನಿಮ್ಮ ‘ಅಂಕ’ ಒಂಬತ್ತು ಬೈಟಾದರೂ ಆಗಲಿ, ತೊಂಬತ್ತಾದರೂ ಆಗಲಿ. ಮತ್ತೆ ಕಂಪೈಲ್ ಮಾಡಿದರೆ, ಅಂದರೆ ಆ ಫೈಲಿನಿಂದ ಗೇಮನ್ನು ಹೊಸದಾಗಿ ಕಟ್ಟಿಸಿದರೆ, ಪ್ರೋಗ್ರಾಮೇ ಜಾಗ ಹೊಂದಿಸಿಕೊಳ್ಳುತ್ತದೆ.

ಇನ್ನೇನು, ಕೂತು ಕನ್ನಡ ಮಾಡಿಬಿಡೋಣ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಮೇ ತಿಂಗಳು, ಬಳ್ಳಾರಿ ಬಿಸಿಲಿಗೆ ಮನೆಯಿಂದ ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಮೊದಲ ಹತ್ತು ಹದಿನೈದು ಕೋಣೆ ಮಾಡಿ ಅಕ್ಕನ ಮಗನ ಕೈಗೆ ಕೊಟ್ಟೆ. ಗವಿಯಲ್ಲಿ ಒಂದು ಹಕ್ಕಿ ಇದೆ, ಮುಂದೆ ಒಂದು ಹಾವಿದೆ. ಹಕ್ಕಿಯನ್ನು ಪಂಜರದಲ್ಲಿ ಹಿಡಿದು ತಂದು ಹಾವಿನ ಎದುರು ಬಿಡಬೇಕು. ಹುಡುಗ ‘ಹಾವು ಹೊಡೆ’ ಅಂದರೆ ಹಕ್ಕಿಗೆ ಏಟು. ಎರಡು ದಿನ ತಲೆ ಕೆಡಿಸಿಕೊಂಡೆ.

ಕಾರಣ 1977ರಷ್ಟು ಹಳೆಯದು. ಈ ಗೇಮ್ ಬೆಳೆದದ್ದು ಪಿಡಿಪಿ-10 ಎಂಬ ಯಂತ್ರದ ಮೇಲೆ, ಫೋರ್ಟ್ರಾನ್ ಭಾಷೆಯಲ್ಲಿ. ಆ ಯಂತ್ರ ಒಂದು ಸಲಕ್ಕೆ 36 ಬಿಟ್, ಅಂದರೆ 36 ಸೊನ್ನೆ-ಒಂದುಗಳನ್ನು, ಹಿಡಿಯುತ್ತಿತ್ತು. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್. ಐದು ಅಕ್ಷರಕ್ಕೆ 35 ಬಿಟ್, ಸರಿಯಾಗಿ ಒಂದು ಮುಷ್ಟಿ. ಹಾಗಾಗಿ ಪದದ ಮೊದಲ ಐದು ಅಕ್ಷರ ಮಾತ್ರ ನೋಡಿ ಮುಂದಿನದನ್ನು ಬಿಟ್ಟುಬಿಡುತ್ತಿದ್ದರು. ಆ ಅಭ್ಯಾಸ ಓಪನ್ ಅಡ್ವೆಂಚರಿನಲ್ಲೂ ಉಳಿದಿದೆ. ಅದರ ಪದಪಟ್ಟಿಯಲ್ಲಿ ‘ಕ್ಯಾಪ್ಚರ್’ ಅನ್ನುವುದು ಬಾಲ ಕತ್ತರಿಸಿಕೊಂಡು ಐದೇ ಅಕ್ಷರವಾಗಿ ಕೂತಿದೆ. ಇಂಗ್ಲಿಷಿಗೆ ಐದು ಬೈಟು ಐದು ಅಕ್ಷರ. ಕನ್ನಡಕ್ಕೆ? ಒಂದು ಪೂರ್ತಿ ಅಕ್ಷರ, ಮುಂದಿನದರ ಮೂರರಲ್ಲಿ ಎರಡು ಭಾಗ. ‘ಹಕ್ಕಿ’ಯಲ್ಲಿ ಹ ಆದಮೇಲೆ ಕ. ‘ಹಾವು’ವಿನಲ್ಲಿ ಹ ಆದಮೇಲೆ ದೀರ್ಘದ ಗುರುತು. ಈ ಎರಡರ ಮೊದಲ ಎರಡು ಬೈಟು ಒಂದೇ, ಬೇರೆ ಆಗುವುದು ಮೂರನೆಯದರಲ್ಲಿ. ಆ ಮೂರನೆಯದನ್ನು ಪ್ರೋಗ್ರಾಮ್ ನೋಡುವುದೇ ಇಲ್ಲ. ಅದರ ಕಣ್ಣಿಗೆ ಹಕ್ಕಿಯೂ ಹಾವೂ ಒಂದೇ.

ಪರಿಹಾರ ಸುಲಭ. ಐದರ ಕತ್ತರಿ ತೆಗೆದು ಇಡೀ ಪದ ಹೋಲಿಸುವ ಹಾಗೆ ಕೋಡಿನಲ್ಲಿ ಬದಲಾಯಿಸಬೇಕು. ಸಿ ಭಾಷೆ ಬಲ್ಲ ಇಂಜಿನಿಯರಿಂಗ್ ಹುಡುಗರು ಯಾರಾದರೂ ಊರಿಗೆ ಬಂದಾಗ ಒಂದು ಸಂಜೆ ಕೂರಿಸಿಕೊಳ್ಳಿ. ಅದೇ ಸಂಜೆ ಇನ್ನೊಂದು ಕೆಲಸ ಮಾಡಿಸಿ. ‘ಹೊಡೆ’ ಪದದ ‘ಹೊ’ವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಒ ಕಾರದ್ದೇ ಒಂದು ಚಿಹ್ನೆ ಇದೆ. ಎ ಕಾರದ ಚಿಹ್ನೆ ಮುಂದೆ ಊ ಕಾರದ ಚಿಹ್ನೆ ಇಟ್ಟರೂ ಅದೇ ಕಾಣುತ್ತದೆ. ಪರದೆಯ ಮೇಲೆ ವ್ಯತ್ಯಾಸವೇ ಇಲ್ಲ, ಪ್ರೋಗ್ರಾಮಿಗೆ ಎರಡೂ ಬೇರೆ. ಟೈಪ್ ಮಾಡಿದ್ದನ್ನು ಮೊದಲು ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸಬೇಕು. ಇಲ್ಲದಿದ್ದರೆ ಒಂದು ಮಗುವಿಗೆ ಗೇಮ್ ಉತ್ತರ ಕೊಡುತ್ತದೆ, ಪಕ್ಕದ ಮಗುವಿಗೆ ಅದೇ ಪದಕ್ಕೆ ಗೊತ್ತಿಲ್ಲ ಅನ್ನುತ್ತದೆ. ಆಮೇಲೆ ಕ್ಲಾಸಿನಲ್ಲಿ ಜಗಳ ಬಿಡಿಸುವವರು ನೀವೇ.

ಈಗ ನಿಜವಾದ ಅನುವಾದಕ್ಕೆ ಬರೋಣ. ಪದ ಹುಡುಕುವುದು ಅಷ್ಟು ಕಷ್ಟವಲ್ಲ. ನಮ್ಮನ್ನು ಸತಾಯಿಸುವುದು ಪದದ ಬಾಲ. ಹಳೆ ಗೇಮುಗಳು ವಾಕ್ಯವನ್ನು ಅರ್ಧ ಬರೆದಿಟ್ಟು, ನಡುವಿನ ಖಾಲಿ ಜಾಗದಲ್ಲಿ ವಸ್ತುವಿನ ಹೆಸರು ತುಂಬುತ್ತವೆ. ಇಂಗ್ಲಿಷಿನಲ್ಲಿ ಹೆಸರು ಮುರಿಯುವುದೂ ಇಲ್ಲ, ಬಾಗುವುದೂ ಇಲ್ಲ. ಕನ್ನಡದಲ್ಲಿ ಚಾವಿ ‘ಚಾವಿಯನ್ನು’ ಆಗುತ್ತದೆ, ಕೋಲು ‘ಕೋಲನ್ನು’, ಪಂಜರ ‘ಪಂಜರವನ್ನು’. ಖಾಲಿ ಜಾಗದ ಮುಂದೆ ‘ಅನ್ನು’ ಬರೆದಿಟ್ಟರೆ ‘ಕೋಲುಅನ್ನು’ ಅಂತ ಬರುತ್ತದೆ. ಮಷಿನ್ನು ಕನ್ನಡ ಮಾತಾಡಿದ ಹಾಗೆ.

ನಾನು ಎರಡು ಉಪಾಯ ಬಳಸುತ್ತೇನೆ. ಒಂದು, ನಾವು ಮಾತಾಡುವಾಗ ಮಾಡುವುದನ್ನೇ ಮಾಡುವುದು. ‘ಕೋಲು ತಗೊಂಡೆ, ಚಾವಿ ಕೊಟ್ಟೆ, ನೀರು ಕುಡಿದೆ’. ಬಾಯಲ್ಲಿ ‘ಅನ್ನು’ ಎಲ್ಲಿ ಬರುತ್ತದೆ ಹೇಳಿ? ಮನುಷ್ಯರಿಗೆ ಬೇಕು, ವಸ್ತುವಿಗೆ ಬೇಡ. ಇನ್ನೊಂದು, ಬಾಲವನ್ನು ‘ಅದು’ವಿನ ಮೇಲೆ ಹೊರಿಸುವುದು. ಆಡುವವರು ಬರೀ ವಸ್ತುವಿನ ಹೆಸರು ಟೈಪ್ ಮಾಡಿದರೆ, ಅದನ್ನು ಏನು ಮಾಡಬೇಕು ಅಂತ ಈ ಗೇಮ್ ಕೇಳುತ್ತದೆ. ಕನ್ನಡದಲ್ಲಿ ‘____? ಅದನ್ನು ಏನು ಮಾಡಲಿ?’ ಅಂತ ಬರೆದೆ. ಖಾಲಿ ಜಾಗದಲ್ಲಿ ಕೋಲು ಬರಲಿ, ಕಪ್ಪೆಚಿಪ್ಪು ಬರಲಿ, ವಾಕ್ಯ ನೆಟ್ಟಗೆ ನಿಲ್ಲುತ್ತದೆ. ‘ಇಲ್ಲಿ ____ ಕಾಣುತ್ತಿಲ್ಲ’ ಅನ್ನುವುದಕ್ಕೆ ಯಾವ ಉಪಾಯವೂ ಬೇಕಿಲ್ಲ, ಅದು ಹುಟ್ಟಿದ್ದೇ ಹಾಗೆ.

ಬೇರೆ ಗೇಮುಗಳಲ್ಲಿ, ಮುಖ್ಯವಾಗಿ ಹೊಡೆದಾಟದವುಗಳಲ್ಲಿ, ಕ್ರಿಯಾಪದವೂ ಕೈ ಕೊಡುತ್ತದೆ. ಇಂಗ್ಲಿಷಿನಲ್ಲಿ ಯಾರು ಹೊಡೆದರೂ ಒಂದೇ ವಾಕ್ಯ. ನಮ್ಮಲ್ಲಿ ಕಳ್ಳ ಹೊಡೆದ, ರಾಣಿ ಹೊಡೆದಳು, ಕರಡಿ ಹೊಡೆಯಿತು. ಅಲ್ಲಿ ‘ಏಟು ಬಿತ್ತು!’ ಅಂತ ಬರೆದು ಹೊಡೆದವರ ಹೆಸರನ್ನು ಪಕ್ಕಕ್ಕೆ ಬೇರೆಯಾಗಿ ಹಾಕುವುದೇ ವಾಸಿ. ಬಹುವಚನ ಮಾತ್ರ ನಮಗೆ ವರ. ಒಂದು ನಾಣ್ಯ, ಐದು ನಾಣ್ಯ. ಆದರೆ ಓಪನ್ ಅಡ್ವೆಂಚರ್ ಕೆಲವು ಕಡೆ ಸಂಖ್ಯೆ ನೋಡಿ ಪದದ ತುದಿಗೆ ಇಂಗ್ಲಿಷಿನ ‘ಎಸ್’ ತಾನೇ ಅಂಟಿಸುತ್ತದೆ. ಶೇಕಡಾ ಗುರುತಿನ ಪಕ್ಕ ದೊಡ್ಡ ‘ಎಸ್’ ಕಂಡರೆ ಅಳಿಸಿಬಿಡಿ. ನಾನು ಹಿಂದೆ ಮಕ್ಕಳ ಸಿಡಿಯೊಂದಕ್ಕೆ ಅನುವಾದ ಮಾಡಿದಾಗ ಇಂಥದ್ದೇ ಒಂದು ತಪ್ಪಿಸಿಕೊಂಡು, ‘5 ಹಣ್ಣು’ ಆದಮೇಲೆ ಒಂಟಿ ಇಂಗ್ಲಿಷ್ ಅಕ್ಷರ ನೇತಾಡುತ್ತಾ ಸಾವಿರ ಸಿಡಿ ಅಚ್ಚಾಗಿ ಹೋದವು. ಕೆಲಸ ಕೊಟ್ಟವರು ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಆಡುವವರು ಟೈಪ್ ಮಾಡುವ ಪದಗಳ ಕಡೆ ನೋಡಿ. ಇಂಗ್ಲಿಷಿನಲ್ಲಿ ಕ್ರಿಯೆ ಮೊದಲು, ವಸ್ತು ಆಮೇಲೆ. ನಮ್ಮದು ತಿರುಗಾಮುರುಗಾ. ಇದಕ್ಕೆ ಹೆದರಬೇಡಿ, ವಸ್ತು ಮೊದಲು ಟೈಪ್ ಮಾಡಿದರೆ ತಿರುಗಿಸಿಕೊಳ್ಳುವ ಸಾಲು ಓಪನ್ ಅಡ್ವೆಂಚರಿನ ಕೋಡಿನಲ್ಲಿ ಆಗಲೇ ಇದೆ. ಕನ್ನಡಕ್ಕೆ ಅಂತ ಬರೆದದ್ದಲ್ಲ, ನಮಗೆ ಒದಗಿ ಬಂತು. ಆದರೆ ಮಕ್ಕಳು ಬಾಲ ಸೇರಿಸಿಯೂ ಟೈಪ್ ಮಾಡುತ್ತಾರೆ. ಹಾವು, ಹಾವನ್ನು, ಹಾವಿಗೆ, ಹಾವಿನ. ಇದಕ್ಕೆ ವ್ಯಾಕರಣದ ಪ್ರೋಗ್ರಾಮ್ ಬರೆಯಲು ಹೋಗಬೇಡಿ. ವಸ್ತುಗಳು ನೂರರೊಳಗೇ ಇವೆ. ಒಂದೊಂದರ ಮುಂದೆ ಎಷ್ಟು ಪದ ಬೇಕಾದರೂ ಬರೆಯಲು ಪಟ್ಟಿ ಇದೆ. ಎಲ್ಲ ರೂಪ ಕೈಯಲ್ಲೇ ತುಂಬಿ. ‘ತಗೋ’ಗೆ ತಗೊ, ತೊಗೊ, ತೆಗೆದುಕೋ, ಎತ್ತು, ಎತ್ತಿಕೋ, ಹಿಡಿ, ಇಷ್ಟೂ ಬೇಕು.

ದಿಕ್ಕುಗಳಲ್ಲಿ ಒಂದು ಗುಂಡಿ ಇದೆ. ಮೂಲದಲ್ಲಿ ದಿಕ್ಕಿನ ಮೊದಲ ಅಕ್ಷರ ಒತ್ತಿದರೆ ಸಾಕು, ಗೇಮ್ ಆ ಕಡೆ ನಡೆಯುತ್ತದೆ. ದಿನಕ್ಕೆ ನೂರು ಸಲ ಒತ್ತುವ ಕೀ ಅದು. ಕನ್ನಡದಲ್ಲಿ ಉ, ದ, ಪ, ಪೂ ಅಂತ ಮಾಡಿದರೆ ಪೂರ್ವ, ಪಶ್ಚಿಮ ಎರಡಕ್ಕೂ ಪ. ಮಕ್ಕಳು ಪೂ ಒತ್ತಲು ಹೋಗಿ ಪ ಒತ್ತಿ ಎಂಟರ್ ಹೊಡೆದುಬಿಡುತ್ತಾರೆ. ನಾನು ಹೊಲದ ಮಾತಿಗೆ ಹೋದೆ. ನಿಮ್ಮ ಕಡೆ ರೈತರು ಈಗಲೂ ಮೂಡಲ ಕಡೆ ಹೊಲ, ಪಡುವಲ ಕಡೆ ಬದು ಅನ್ನುತ್ತಾರೆ. ಉತ್ತರ, ದಕ್ಷಿಣ ಇರಲಿ. ಉ, ದ, ಮ, ಪ. ನಾಲ್ಕೂ ಬೇರೆ ಬೇರೆ. ಆಮೇಲೆ ‘ಮೇಲೆ’ ಬಂದು ಮೂಡಲಿನ ಮ ಜೊತೆ ಡಿಕ್ಕಿ ಹೊಡೆಯಿತು! ಮೇಲೆ, ಕೆಳಗೆ ಬಿಟ್ಟು ‘ಹತ್ತು’, ‘ಇಳಿ’ ಮಾಡಿದೆ. ಗವಿಯಲ್ಲಿ ಮನುಷ್ಯ ಹತ್ತುತ್ತಾನೆ, ಇಳಿಯುತ್ತಾನೆ, ಅದೇ ಸರಿ ಅಲ್ವಾ? ಪೂರ್ವ, ಪಶ್ಚಿಮ ಅಂತ ಪೂರ್ತಿ ಟೈಪ್ ಮಾಡಿದವರಿಗೂ ದಾರಿ ತೆರೆದಿಡಿ.

ಮೊದಲ ಪದ ಅನುವಾದ ಮಾಡುವ ಮುಂಚೆ ಗೇಮನ್ನು ಕೊನೆಯವರೆಗೂ ಆಡಿ ಮುಗಿಸಿ. ನಾನು ಮುಗಿಸಿರಲಿಲ್ಲ. ಶುರುವಿನಲ್ಲೇ ಹಿತ್ತಾಳೆಯ ಒಂದು ದೀಪ ಸಿಗುತ್ತದೆ. ನಮ್ಮಜ್ಜಿ ಮನೆ ನೆನಪಾಗಿ ‘ಕಂದೀಲು’ ಅಂತ ಬರೆದೆ. ಬಹಳ ಇಷ್ಟಪಟ್ಟು ಬರೆದ ಪದ ಅದು. ಹತ್ತಾರು ವರ್ಣನೆಗಳಲ್ಲಿ ಕಂದೀಲಿನ ಬೆಳಕು, ಕಂದೀಲಿನ ನೆರಳು ಅಂತೆಲ್ಲ ಹಬ್ಬಿಸಿದೆ. ಮುಂದೆ ಸೊಟ್ಟಂಬಟ್ಟೆ ದಾರಿಗಳ ಕೊನೆಯಲ್ಲಿ ಒಂದು ಮಾರಾಟದ ಯಂತ್ರ ಬಂತು. ನಾಣ್ಯ ಹಾಕಿದರೆ ದೀಪಕ್ಕೆ ಹೊಸ ಬ್ಯಾಟರಿ ಕೊಡುತ್ತದೆ! ಕಂದೀಲಿಗೆ ಚಿಮಣಿ ಎಣ್ಣೆ ಹಾಕುತ್ತಾರೆಯೇ ಹೊರತು ಬ್ಯಾಟರಿ ಹಾಕುತ್ತಾರೆಯೇ? ಎಲ್ಲ ಅಳಿಸಿದೆ. ಕೊನೆಗೆ ಸಿಕ್ಕಿದ ಪದ ನಮ್ಮ ಹಳ್ಳಿಯದೇ. ನಮ್ಮಲ್ಲಿ ಟಾರ್ಚಿಗೇ ‘ಬ್ಯಾಟ್ರಿ’ ಅನ್ನುತ್ತಾರೆ. ಒಳಗೆ ಹಾಕುವುದು ‘ಸೆಲ್ಲು’. ‘ಬ್ಯಾಟ್ರಿ ಮಂಕಾಗುತ್ತಿದೆ, ಸೆಲ್ಲು ಮುಗಿಯುತ್ತಾ ಬಂತು.’ ಹೊಲಕ್ಕೆ ರಾತ್ರಿ ನೀರು ಕಟ್ಟಲು ಹೋಗುವ ಮನೆಯ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಪದಗಳು ನಿಮ್ಮ ಊರಲ್ಲೇ ರಾಶಿ ಬಿದ್ದಿವೆ. ‘ಗುಹೆ’ ಬೇಡ, ಗವಿ ಸಾಕು. ಗವಿಮಠದ ಊರಿನ ಮಕ್ಕಳಿಗೆ ಗುಹೆ ಯಾಕೆ? ಸೇತುವೆ ಕಾಯುತ್ತಾ ಕೂತು, ನಿಧಿ ಕೊಡದೆ ದಾಟಲು ಬಿಡದ ಒಬ್ಬ ‘ಟ್ರೋಲ್’ ಇದ್ದಾನೆ. ಯುರೋಪಿನ ಜನಪದದ ಪ್ರಾಣಿ, ನಮ್ಮಲ್ಲಿ ಇಲ್ಲ. ಬರೀ ರಕ್ಕಸ ಅಂದರೆ ಅವನ ಕೆಲಸ ಗೊತ್ತಾಗುವುದಿಲ್ಲ. ನಾನು ‘ಸುಂಕದ ರಕ್ಕಸ’ ಮಾಡಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆಯೇ ಇದೆಯಲ್ಲ. ಅವನ ಹತ್ತಿರ ಅಳು, ಬೇಡು, ಹೊಡೆ, ಏನೂ ನಡೆಯುವುದಿಲ್ಲ ಅಂತ ಹೆಸರಲ್ಲೇ ಸುಳಿವು ಸಿಕ್ಕಿತು. ಆದರೆ ಉತ್ಸಾಹದಲ್ಲಿ ಇಡೀ ಗವಿಯನ್ನು ಹಿರೇಬೆಣಕಲ್ ಗುಡ್ಡಕ್ಕೆ ತಂದು ಇಡಬೇಡಿ. ಅದು ಕೆಂಟಕಿಯ ಗವಿಯಾಗೇ ಇರಲಿ. ಅಲ್ಲಿ ಸುಣ್ಣಕಲ್ಲು ಕರಗಿ ಆದ ಸುರಂಗಗಳು, ನಿಮ್ಮಲ್ಲಿ ಬಂಡೆ ಮೇಲೆ ಬಂಡೆ ಕೂತ ಗವಿಗಳು. ಕೊಪ್ಪಳದ ಹೆಸರು ಹಾಕಿದರೆ ಮಕ್ಕಳೇ ತಪ್ಪು ಹಿಡಿಯುತ್ತಾರೆ.

ಗವಿಯಲ್ಲಿ ದಾರಿ ತಪ್ಪಿಸುವ ಎರಡು ಜಾಗಗಳಿವೆ. ಒಂದರಲ್ಲಿ ಎಲ್ಲ ಕೋಣೆಯ ವರ್ಣನೆಯೂ ಅಕ್ಷರ ಬಿಡದೆ ಒಂದೇ. ಇನ್ನೊಂದರಲ್ಲಿ ಹತ್ತಕ್ಕಿಂತ ಜಾಸ್ತಿ ಕೋಣೆ, ಒಂದೊಂದರ ವರ್ಣನೆಯಲ್ಲೂ ಅವೇ ನಾಲ್ಕಾರು ಪದಗಳು, ಹಿಂದುಮುಂದು ಆಗಿರುತ್ತವೆ ಅಷ್ಟೇ. ಆ ಹಿಂದುಮುಂದೇ ಕೋಣೆಯ ಗುರುತು. ಅವಸರದಲ್ಲಿ ಎಲ್ಲದಕ್ಕೂ ಒಂದೇ ಕನ್ನಡ ವಾಕ್ಯ ಅಂಟಿಸಿದರೆ ಯಾರೂ ಹೊರಗೆ ಬರಲಾರರು. ನಮ್ಮ ಭಾಷೆ ಇಲ್ಲಿ ಧಾರಾಳ. ‘ಸಣ್ಣ ಸೊಟ್ಟ ಸಂದಿಗಳ ಗೋಜಲು’, ‘ಸೊಟ್ಟ ಸಣ್ಣ ಸಂದಿಗಳ ಗೋಜಲು’, ‘ಸಂದಿಗಳ ಸಣ್ಣ ಸೊಟ್ಟ ಗೋಜಲು’, ‘ಸೊಟ್ಟ ಸಂದಿಗಳ ಸಣ್ಣ ಗೋಜಲು’. ಒಂದು ಹಾಳೆಯಲ್ಲಿ ಎಲ್ಲ ಬರೆದು, ಯಾವ ಎರಡೂ ಒಂದೇ ಆಗಿಲ್ಲ ಅಂತ ಟಿಕ್ ಹಾಕಿಕೊಳ್ಳಿ.

ಗೋಡೆ ಮೇಲೆ ಬರೆದ ಒಂದು ಮಂತ್ರ ಇದೆ. ಎಕ್ಸ್, ವೈ, ಝಡ್, ಝಡ್, ವೈ. ಅರ್ಥವಿಲ್ಲ, ಇಂಗ್ಲಿಷ್ ವರ್ಣಮಾಲೆಯ ಬಾಲ ಹಿಡಿದು ತಿರುಚಿದ ಹಾಗಿದೆ. ನಮ್ಮ ವರ್ಣಮಾಲೆಯ ಬಾಲ ಯಾವುದು? ಹಳೆ ಕಾಗುಣಿತದ ಪುಸ್ತಕದಲ್ಲಿ ‘ಹ ಳ ಕ್ಷ ಜ್ಞ’ ಅಂತ ಮುಗಿಯುತ್ತಿತ್ತು. ‘ಹಳಕ್ಷಜ್ಞ’! ಜೋರಾಗಿ ಹೇಳಿ ನೋಡಿ, ಮಂತ್ರದ ಹಾಗೇ ಕೇಳುತ್ತದೆ. ಇದೊಂದು ಪದದ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ.

ನೀನು, ನೀವು ವಿಷಯ. ನನ್ನ ಉತ್ತರ, ಆದಷ್ಟು ಎರಡೂ ಬೇಡ. ಮೊದಲ ದೃಶ್ಯವನ್ನು ಪುಸ್ತಕದ ಕನ್ನಡದಲ್ಲಿ ಹೀಗೆ ಬರೆಯಬಹುದು: ‘ನೀವು ರಸ್ತೆಯ ಅಂತ್ಯದಲ್ಲಿ ಒಂದು ಚಿಕ್ಕ ಇಟ್ಟಿಗೆಯ ಕಟ್ಟಡದ ಮುಂದೆ ನಿಂತಿರುವಿರಿ. ನಿಮ್ಮ ಸುತ್ತಲೂ ಅರಣ್ಯವಿದೆ.’ ಸರ್ಕಾರಿ ನೋಟಿಸು ಓದಿದ ಹಾಗಾಯಿತು. ನಾನು ಬರೆದದ್ದು: ‘ದಾರಿ ಇಲ್ಲಿಗೆ ಮುಗಿಯಿತು. ಎದುರಿಗೆ ಒಂದು ಸಣ್ಣ ಇಟ್ಟಿಗೆ ಮನೆ. ಸುತ್ತ ಕಾಡು. ಮನೆಯೊಳಗಿಂದ ಒಂದು ಹಳ್ಳ ಹರಿದು ಬಂದು ಕೊರಕಲಿಗೆ ಇಳಿಯುತ್ತಿದೆ.’ ನೀನೂ ಇಲ್ಲ, ನೀವೂ ಇಲ್ಲ, ಆದರೂ ನಿಂತಿರುವುದು ಯಾರು ಅಂತ ಗೊತ್ತಾಗುತ್ತದೆ. ಬೇಕೇಬೇಕು ಅನ್ನುವ ಕಡೆ ‘ನೀನು’ ಅನ್ನಿ. ಕತೆ ಹೇಳುವ ಅಜ್ಜಿ ಮೊಮ್ಮಗಳಿಗೆ ನೀವು ಅನ್ನುವುದಿಲ್ಲ. ಇಲ್ಲಿ ‘ಹಳ್ಳ’ ಅಂದಿದ್ದೇನೆ ನೋಡಿ. ಕೊಪ್ಪಳದ ಮಗುವಿಗೆ ಅದು ಹರಿಯುವ ನೀರು. ಮೈಸೂರು ಕಡೆಯ ಮಗುವಿಗೆ ತಗ್ಗು. ‘ಹರಿದು’ ಅನ್ನುವ ಪದ ಪಕ್ಕದಲ್ಲೇ ಇರುವುದರಿಂದ ಅವರಿಗೂ ನಡೆದೀತು. ನೀವು ಮಾಡುತ್ತಿರುವುದು ನಿಮ್ಮ ಮಕ್ಕಳಿಗೆ, ಹಾಗಾಗಿ ಹಳ್ಳವೇ ಇರಲಿ.

ನಿಮ್ಮ ಕಡೆ ಮಾತನ್ನು ಎಲ್ಲ ಕಡೆ ಹಾಕಬೇಡಿ, ಪಾತ್ರಗಳ ಬಾಯಿಗೆ ಹಾಕಿ. ವರ್ಣನೆ ಸರಳ ಬರವಣಿಗೆಯ ಕನ್ನಡದಲ್ಲಿರಲಿ. ಸುಂಕದ ರಕ್ಕಸ ಮಾತ್ರ ‘ಏನಪಾ, ರೊಕ್ಕ ಕೊಡದ ಹಂಗ ದಾಟತೀಯೇನು?’ ಅನ್ನಲಿ. ಎರಡರ ನಡುವಿನ ವ್ಯತ್ಯಾಸಕ್ಕೇ ಮಕ್ಕಳು ನಗುತ್ತಾರೆ. ಎಲ್ಲರೂ ಅದೇ ಮಾತಾಡಿದರೆ ನಗು ಬರುವುದಿಲ್ಲ, ಓದುವುದೂ ನಿಧಾನ ಆಗುತ್ತದೆ. ಬಾಯಲ್ಲಿ ಆಡಿದ್ದನ್ನು ಅಕ್ಷರದಲ್ಲಿ ಓದಿ ಅವರಿಗೆ ರೂಢಿ ಕಡಿಮೆ.

ಪರದೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಈ ಗೇಮ್ ಓಡುವುದು ಬರೀ ಅಕ್ಷರ ತೋರಿಸುವ ಟರ್ಮಿನಲ್ ಕಿಟಕಿಯಲ್ಲಿ. ಟರ್ಮಿನಲ್ಲುಗಳು ಪ್ರತಿ ಅಕ್ಷರಕ್ಕೂ ಅಳೆದ ಚೌಕ ಕೊಡುವುದರಿಂದ ಬಹಳಷ್ಟರಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿ ಆಗುತ್ತದೆ. ಅದನ್ನು ರಿಪೇರಿ ಮಾಡಲು ಹೋಗಿ ಎರಡು ವಾರ ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ. ಆ ಇಂಜಿನಿಯರಿಂಗ್ ಹುಡುಗರ ಕೈಯಲ್ಲಿ ಗೇಮಿನ ಮಾತನ್ನು ಬ್ರೌಸರಿನಲ್ಲಿ ತೋರಿಸುವ ಒಂದು ಸಾದಾ ಪುಟ ಮಾಡಿಸಿ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಕನ್ನಡ ಸರಿಯಾಗಿ ಕೂರುತ್ತದೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಪುಕ್ಕಟೆ ಸಿಗುತ್ತದೆ.

ಕೊನೆಗೆ ಹೌದು, ಇಲ್ಲದ ಕತೆ. ಇದನ್ನು ಮರೆತರೆ ಗೇಮಿನ ಅತಿ ಒಳ್ಳೆಯ ಜೋಕು ಸತ್ತುಹೋಗುತ್ತದೆ. ಗವಿಯ ಒಂದು ಕಡೆ ಡ್ರ್ಯಾಗನ್ ಮಲಗಿದೆ. ಆಯುಧ ಏನು ತಂದರೂ ಉಪಯೋಗವಿಲ್ಲ. ಸುಮ್ನೆ ‘ಹೊಡೆ’ ಅಂದರೆ ಗೇಮ್ ಗೇಲಿ ಮಾಡುತ್ತದೆ, ಬರಿಗೈಯಲ್ಲಿ ಹೊಡೆಯುತ್ತೀಯಾ ಅಂತ. ಅದು ಪ್ರಶ್ನೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಆದರೆ ಅದಕ್ಕೆ ‘ಹೌದು’ ಅಂತ ಉತ್ತರ ಕೊಟ್ಟರೆ ಡ್ರ್ಯಾಗನ್ ನಿಜಕ್ಕೂ ಸಾಯುತ್ತದೆ. ಈ ಹೌದು, ಇಲ್ಲ ಪದಗಳು ಮಾತ್ರ ಯಾಮಲ್ ಫೈಲಿನಲ್ಲಿ ಇಲ್ಲ, ಸಿ ಕೋಡಿನ ಒಳಗೇ ಕೂತಿವೆ. ಇಂಗ್ಲಿಷಿಗೆ ಎರಡು ಪದ ಸಾಕು. ನಮ್ಮಲ್ಲಿ ಪ್ರಶ್ನೆ ಹೇಗೋ ಉತ್ತರ ಹಾಗೆ. ಬೇಕಾ ಅಂದರೆ ಬೇಕು, ಬೇಡ, ನಿಮ್ಮ ಕಡೆ ಒಲ್ಲೆ. ಹೌದಾ ಅಂದರೆ ಹೌದು, ಅಲ್ಲ. ಇವೆಲ್ಲದರ ಮೇಲೆ ಹೂಂ, ಉಹೂಂ. ನಾನು ಹದಿನಾಲ್ಕು ಪದ ಹುಡುಕಿ ಪಟ್ಟಿ ಮಾಡಿ ಕೋಡಿಗೆ ಸೇರಿಸಿ, ಇನ್ನು ಯಾವುದೂ ಬಿಟ್ಟಿಲ್ಲ ಅಂತ ನೆಮ್ಮದಿಯಾಗಿ ಅಕ್ಕನ ಮಗನಿಗೆ ಕೊಟ್ಟೆ. ಅವನು ಡ್ರ್ಯಾಗನ್ ಹತ್ತಿರ ಹೋದ. ‘ಹೊಡೆ’ ಅಂದ. ಗೇಮ್ ಕೇಳಿತು: ‘ಏನು, ಬರಿಗೈಯಲ್ಲಿ ಹೊಡೆಯುತ್ತೀಯಾ?’ ಹುಡುಗ ಒಂದು ಕ್ಷಣವೂ ಯೋಚನೆ ಮಾಡದೆ ಟೈಪ್ ಮಾಡಿದ: ‘ಮತ್ತೇನು’.

ಈಗ ಪಟ್ಟಿಯಲ್ಲಿ ಹದಿನೈದು ಪದ ಇವೆ.